ಹತ್ತಿರದ ಗೆರೆ

ಕಬ್ಬಿಣದ ಮೆಟ್ಟಿಲು ಮಾಡುವ ಆ ಕಾರ್ಖಾನೆಯಲ್ಲಿ ಅವಳು ಎದುರಿಗೆ ಅಕ್ಕ, ಬೆನ್ನ ಹಿಂದೆ ಮಿಲಿಮೀಟರಕ್ಕ. ಬೆನ್ನ ಹಿಂದಿನ ಹೆಸರು ಅವಳಿಗೆ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು. ನಕ್ಷೆ ಬರೆಯುವುದು ಅವಳ ಕೆಲಸ. ಮೊದಲ ಒಂಬತ್ತು ವರ್ಷ ಓರೆ ಹಲಗೆಯ ಮೇಲೆ ಪೆನ್ಸಿಲು ಹಿಡಿದು, ಆಮೇಲಿನ ಹದಿನೇಳು ವರ್ಷ ಕಂಪ್ಯೂಟರಿನ ಮುಂದೆ ಕೂತು ಬರೆದಿದ್ದಳು. ಅಷ್ಟು ವರ್ಷದಲ್ಲಿ ಅವಳ ನಕ್ಷೆಯ ಒಂದು ಮೆಟ್ಟಿಲೂ ಜಾಗಕ್ಕೆ ಕೂರದೆ ವಾಪಸು ಬಂದದ್ದಿಲ್ಲ.

"ಅಕ್ಕನ ನಕ್ಷೆ ಅಂದ್ರೆ ಕಣ್ಣು ಮುಚ್ಕೊಂಡು ಕತ್ತರಿಸಬಹುದು" ಎಂದು ಪ್ಲೇಟು ಕತ್ತರಿಸುವವರು ಹೇಳುತ್ತಿದ್ದರು.

"ಕಣ್ಣು ಮಾತ್ರ ಮುಚ್ಚಬೇಡ್ರಪ್ಪಾ, ಬೆರಳು ನಿಮ್ಮದು" ಎನ್ನುತ್ತಿದ್ದಳು ಅವಳು.

ಕಟ್ಟಡಗಳಿಗೆ ಹೋಗಿ ಅಳತೆ ತರುವವನು ಅವಳ ತಮ್ಮ. ಅಪ್ಪ ಅಮ್ಮ ಬೇಗ ಹೋದಮೇಲೆ ಹತ್ತು ವರ್ಷ ಚಿಕ್ಕವನಾದ ಅವನನ್ನು ಸಾಕಿದವಳು, ಟೇಪು ಓದಲು ಕಲಿಸಿದವಳು, ಯಜಮಾನರ ಹತ್ತಿರ ಹೇಳಿ ಕೆಲಸಕ್ಕೆ ಸೇರಿಸಿದವಳು ಎಲ್ಲ ಅವಳೇ. ಅವನಿಗೆ ಮದುವೆಯಾಗಿರಲಿಲ್ಲ. ಪಕ್ಕದ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದ; ಊಟ ಮಾತ್ರ ಅಕ್ಕನ ಮನೆಯಲ್ಲಿ. ಒಳ್ಳೆಯವನು, ಆದರೆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಎರಡು ಸಲ ಅಳತೆ ತಪ್ಪಿ ಬರೆದುಕೊಂಡು ಬಂದು, ಕತ್ತರಿಸುವ ಮೊದಲೇ ಅದು ಗೊತ್ತಾಗಿ ಬೈಸಿಕೊಂಡಿದ್ದ. ಎರಡನೆಯ ಸಲ ಯಜಮಾನರು, "ಇನ್ನೊಂದು ಸಲ ಹೀಗಾದ್ರೆ ನಿಮ್ಮಕ್ಕನ ಮುಖ ನೋಡಿ ಕೂಡ ಇಟ್ಕೊಳ್ಳಲ್ಲ" ಎಂದಿದ್ದರು. ಅವತ್ತಿನಿಂದ ಅಕ್ಕತಮ್ಮ ಒಂದು ಪದ್ಧತಿ ಮಾಡಿಕೊಂಡರು. ನಕ್ಷೆ ಮುಗಿದಮೇಲೆ ತಮ್ಮ ತನ್ನ ಹಾಳೆಯಿಂದ ಒಂದೊಂದೇ ಅಳತೆ ಗಟ್ಟಿಯಾಗಿ ಓದಬೇಕು, ಅವಳು ಪರದೆಯ ಮೇಲೆ ನೋಡಿ ಹೂಂ ಅನ್ನಬೇಕು. ಮೂರು ವರ್ಷ ಅದು ತಪ್ಪಿರಲಿಲ್ಲ.

ಕೈ ನಡುಗಲು ಶುರುವಾದದ್ದು ಬಲಗೈಯ ಹೆಬ್ಬೆರಳಿನಿಂದ. ಅವಳಿಗಿಂತ ಮೊದಲು ಕಂಡದ್ದು ಗಂಡನಿಗೆ. ಅವನು ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಸಂಜೆ ಅವಳು ಅವನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಅವನ ಕಣ್ಣು ಮಂದವಾಗಿ ವರ್ಷಗಳಾಗಿದ್ದವು. ಒಂದು ದಿನ ದಾರ ಸೂಜಿಯ ಸುತ್ತ ಸುತ್ತಾಡಿತೇ ಹೊರತು ಒಳಗೆ ಹೋಗಲಿಲ್ಲ.

"ಕೊಡು ಇಲ್ಲಿ" ಎಂದ ಅವನು. "ನನಗೆ ಕಣ್ಣಿಲ್ಲ, ನಿನಗೆ ಕೈ ಇಲ್ಲ. ಒಳ್ಳೆ ಜೋಡಿ."

ಇಬ್ಬರೂ ನಕ್ಕರು. ಆದರೆ ಅವನು ಅವಳ ಕೈಯನ್ನು ಬಿಡದೆ, ಬಟ್ಟೆಯ ಬೆಲೆ ನೋಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರಿಗೆ ಸ್ನ್ಯಾಪ್ ಅಂತ ಒಂದು ಸವಲತ್ತು ಇದೆ. ಮೌಸಿನ ಬಾಣವನ್ನು ಒಂದು ಗೆರೆಯ ತುದಿಯ ಹತ್ತಿರ ಒಯ್ದರೆ ಸಾಕು, ಅಲ್ಲಿ ಹಸಿರು ಚೌಕವೊಂದು ಮೂಡುತ್ತದೆ. ಆಗ ಒತ್ತಿದರೆ ಹೊಸ ಗೆರೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಆ ತುದಿಗೇ ಅಂಟುತ್ತದೆ. ಗೆರೆಯ ನಡುವಿಗೆ ತ್ರಿಕೋನ, ವೃತ್ತದ ಕೇಂದ್ರಕ್ಕೆ ಸಣ್ಣ ವೃತ್ತ, ಹೀಗೆ ಒಂದೊಂದಕ್ಕೆ ಒಂದೊಂದು ಗುರುತು. ಕೈ ಸುಮಾರಾಗಿ ಹತ್ತಿರ ಹೋದರೆ ಆಯಿತು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ನಡುಗುವ ಕೈಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಇರಲಿಲ್ಲ.

ನಡುಕ ಹೆಚ್ಚಿದ ಹಾಗೆ ಅವಳು ಆಸರೆಯನ್ನೂ ಹೆಚ್ಚಿಸಿಕೊಂಡಳು. ಸ್ನ್ಯಾಪು ಎಷ್ಟು ದೂರದಿಂದ ಹಿಡಿಯಬೇಕು ಎನ್ನುವುದನ್ನು ದುಪ್ಪಟ್ಟು ಮಾಡಿದಳು. ಮೊದಲೆಲ್ಲ ಮೂರು ಬಗೆಯ ಸ್ನ್ಯಾಪು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಆಫ್ ಮಾಡಿರುತ್ತಿದ್ದವಳು, ಈಗ ಎಲ್ಲವನ್ನೂ ಹಾಕಿದಳು. ಅದರಲ್ಲಿ 'ನಿಯರೆಸ್ಟ್' ಕೂಡ ಒಂದು. ಅದು ತುದಿ, ನಡು, ಕೇಂದ್ರ ಯಾವುದನ್ನೂ ನೋಡುವುದಿಲ್ಲ. ಹತ್ತಿರ ಯಾವ ಗೆರೆ ಸಿಕ್ಕಿತೋ ಅದರ ಮೇಲೆ ಎಲ್ಲೆಂದರಲ್ಲಿ ಕೂರುತ್ತದೆ. ಹೊಸದಾಗಿ ಕಲಿಯಲು ಬಂದವರಿಗೆ ಅವಳೇ ಹೇಳುತ್ತಿದ್ದಳು: "ಅದನ್ನ ಯಾವಾಗಲೂ ಆಫ್ ಮಾಡಿಡಿ. ಹತ್ತಿರದವರನ್ನ ನಂಬಿ ಕೆಟ್ಟವರೇ ಜಾಸ್ತಿ."

ಗಂಡನ ಒತ್ತಾಯಕ್ಕೆ ಕೊನೆಗೆ ನರದ ಡಾಕ್ಟರ ಬಳಿ ಹೋದಳು. ಅವರು ಒಂದು ಹಾಳೆ ಕೊಟ್ಟು, ಒಳಗಿನಿಂದ ಹೊರಗೆ ಸುರುಳಿ ಬರೆಯಲು ಹೇಳಿದರು. ಸುರುಳಿ ಮೆಟ್ಟಿಲುಗಳನ್ನೇ ನೂರಾರು ಬರೆದವಳು. ಪೆನ್ನು ಕಾಗದದ ಮೇಲೆ ಗರಗಸದ ಹಲ್ಲಿನಂತೆ ಓಡಿತು. ಅವಳು ಹಾಳೆಯನ್ನು ತಿರುವಿ ಇಟ್ಟಳು.

"ವಾಸಿ ಆಗುತ್ತಾ ಡಾಕ್ಟ್ರೇ?"

"ಹತೋಟೀಲಿ ಇಡಬಹುದಮ್ಮ. ಮಾತ್ರೆ ಕೊಡ್ತೀನಿ. ಏನು ಕೆಲಸ ಮಾಡ್ತೀರಿ?"

ಅವಳು ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಒಂದು ಕ್ಷಣ ಅವಳನ್ನು ನೋಡಿ, ಮತ್ತೆ ಬರೆಯತೊಡಗಿದರು.

ಅಲ್ಲಿಂದ ನೇರ ಕೆಲಸಕ್ಕೆ ಬಂದಳು. ಅವತ್ತೇ ಮುಗಿಸಬೇಕಾದ ನಕ್ಷೆಯೊಂದಿತ್ತು: ಒಂದು ಗ್ರಂಥಾಲಯದ ಕೆಳಗಿನ ಓದುಕೋಣೆಯಿಂದ ಮೇಲಿನ ಅಂತಸ್ತಿಗೆ ಹೋಗುವ ನೇರ ಮೆಟ್ಟಿಲು. ತಮ್ಮ ಹಿಂದಿನ ದಿನವೇ ಅಳತೆಯ ಹಾಳೆ ತಂದಿಟ್ಟಿದ್ದ. ಆ ಅಳತೆಯಂತೆ ಅವಳು ಕೆಳಗಿನ ನೆಲದ ಗೆರೆ, ಮೇಲಿನ ಕಾಂಕ್ರೀಟಿನ ಗೆರೆ, ಅದರ ಮೇಲೆ ಟೈಲಿನ ಗೆರೆ ಎಲ್ಲ ಮೊದಲೇ ಹಾಕಿಟ್ಟಿದ್ದಳು. ಕೆಳಗಿನ ನೆಲದಿಂದ ಟೈಲಿನವರೆಗೆ ಮೂರು ಸಾವಿರದ ಇನ್ನೂರ ನಲವತ್ತು ಮಿಲಿಮೀಟರು. ಕಾಂಕ್ರೀಟಿಗೂ ಟೈಲಿಗೂ ನಡುವೆ ನಲವತ್ತೈದು. ಇನ್ನು ಕೆಳಗಿನಿಂದ ಟೈಲಿನವರೆಗೆ ಒಂದು ಗೆರೆ ಎಳೆದು, ಹದಿನೆಂಟು ಸಮಪಾಲು ಮಾಡಿ, ಮೆಟ್ಟಿಲು ಕೂರಿಸಬೇಕಿತ್ತು.

ಮಧ್ಯಾಹ್ನ ಮೂರಕ್ಕೆ ಅದು ಮುಗಿಯುವ ಹೊತ್ತಿಗೆ ತಮ್ಮ ಒಳಗೆ ಬಂದ. "ಅಕ್ಕಾ, ಓದ್ಲಾ?"

ಅವಳ ಬಲಗೈ ಆಗ ಮೇಜಿನ ಮೇಲೆ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಅವಳು ಅದನ್ನು ಮಡಿಲಿಗೆ ಎಳೆದುಕೊಂಡಳು. ಅವನು ಪಕ್ಕಕ್ಕೆ ಕುರ್ಚಿ ಎಳೆದು ಕೂತರೆ ಕಾಣದೆ ಇರುವುದಿಲ್ಲ.

"ಬೇಡ ಬಿಡು. ನಾನೇ ನೋಡಿದೀನಿ."

"ಡಾಕ್ಟ್ರು ಏನಂದ್ರು? ಹೊಟ್ಟೆನೋವು ಕಡಿಮೆ ಆಯ್ತಾ?"

"ಆಯ್ತು." ಹೊಟ್ಟೆನೋವು ಅಂತಲೇ ಅವನಿಗೆ ಹೇಳಿದ್ದಳು.

ಅವನು ಸೀಟಿ ಹಾಕುತ್ತ ಹೊರಗೆ ಹೋದ. ಅವಳು ನಕ್ಷೆಯನ್ನು ಕತ್ತರಿಸುವವರಿಗೆ ಕಳಿಸಿದಳು.

ಮೂರು ವಾರದ ಮೇಲೆ ಮೆಟ್ಟಿಲು ಗ್ರಂಥಾಲಯಕ್ಕೆ ಹೋಯಿತು. ಐದು ಜನ ಸೇರಿ ಎತ್ತಿ ನಿಲ್ಲಿಸಿದರೆ, ಮೇಲಿನ ತುದಿ ಮೇಲಂತಸ್ತಿನ ನೆಲಕ್ಕಿಂತ ನಲವತ್ತೈದು ಮಿಲಿಮೀಟರು ಕೆಳಗೇ ನಿಂತಿತು. ಅದರ ಮೇಲೆ ಹತ್ತಿದವರು ಕೊನೆಯ ಹೆಜ್ಜೆಯಲ್ಲಿ ಮುಗ್ಗರಿಸುವುದು ಖಂಡಿತ. ಗ್ರಂಥಾಲಯದ ಸಮಿತಿಯವರೆಲ್ಲ ಅಲ್ಲೇ ನಿಂತಿದ್ದರಂತೆ. ಎರಡು ದಿನದಲ್ಲಿ ಮೇಲಂತಸ್ತನ್ನು ತೆರೆಯುವುದಿತ್ತು. ಒಬ್ಬ ಹಿರಿಯರು, "ಇಷ್ಟು ವರ್ಷ ಅನುಭವ ಇರೋರಿಗೆ ನೆಲ ಎಲ್ಲಿದೆ ಅಂತ ಗೊತ್ತಾಗಲ್ವಾ?" ಎಂದು ಕೇಳಿದರಂತೆ. ಯಜಮಾನರು ತಲೆ ತಗ್ಗಿಸಿ ಬಂದರು.

ಬಂದವರೇ ಅಂಗಳದಲ್ಲಿ ತಮ್ಮನನ್ನು ಕರೆದರು. ಅವಳಿಗೆ ಕಿಟಕಿಯಿಂದ ಎಲ್ಲ ಕೇಳುತ್ತಿತ್ತು.

"ಎಷ್ಟು ಅಳೆದೆ?"

"ಹಾಳೇಲಿ ಬರೆದಿದ್ದೆ ಸರ್."

"ಹಾಳೆ ಎಲ್ಲಿ?"

ಹಾಳೆ ಪ್ಲೇಟು ಕತ್ತರಿಸುವ ಜಾಗದಲ್ಲಿ ಎಣ್ಣೆ ಕುಡಿದು, ಕಸದ ಜೊತೆ ಹೋಗಿ ಎಷ್ಟೋ ದಿನವಾಗಿತ್ತು. ಯಜಮಾನರ ಕೈಯಲ್ಲಿದ್ದದ್ದು ಕತ್ತರಿಸುವವರಿಗೆ ಕೊಟ್ಟ ನಕ್ಷೆ. ಅದರಲ್ಲಿ ಬರೀ ಮೆಟ್ಟಿಲಿತ್ತು, ಎತ್ತರ ಮೂರು ಸಾವಿರದ ನೂರ ತೊಂಬತ್ತೈದು.

"ಇದು ನೀನು ಕೊಟ್ಟ ಅಳತೆ ತಾನೇ?"

ತಮ್ಮ ತಲೆ ಕೆರೆದುಕೊಂಡ. ಅವತ್ತು ಒಂದೇ ದಿನ ನಾಲ್ಕು ಕಡೆ ಅಳೆದಿದ್ದ. "ಇರಬಹುದು ಸರ್. ಟೈಲು ಬಿಟ್ಟು ಕಾಂಕ್ರೀಟಿಗೇ ಅಳೆದುಬಿಟ್ನೇನೋ."

"ಏನೋ ಅಂದ್ರೆ?"

"ಅಕ್ಕನ ಕೈಯಲ್ಲಂತೂ ತಪ್ಪಾಗಲ್ಲ ಸರ್. ನಂದೇ ಇರಬೇಕು."

ಯಜಮಾನರು ಕೂಗಾಡಲಿಲ್ಲ. ಟೇಪು ಮತ್ತು ಅಳತೆಯ ಯಂತ್ರವನ್ನು ಒಳಗಿಟ್ಟು ಹೋಗು ಎಂದರು, ಅಷ್ಟೆ. ಅವನು ಅವಳ ಕೋಣೆಗೇ ಬಂದು ಎರಡನ್ನೂ ಮೇಜಿನ ಮೇಲಿಟ್ಟ. ಅವಳ ಮುಖ ನೋಡಲಿಲ್ಲ.

"ನಿನ್ನ ಮರ್ಯಾದೆ ತೆಗೆದೆ ಅಕ್ಕಾ" ಎಂದು ಹೊರಟುಹೋದ.

ಅವಳು ಆಗ ನಕ್ಷೆಯನ್ನು ತೆರೆದಳು. ನೆಲದ ಗೆರೆ, ಕಾಂಕ್ರೀಟಿನ ಗೆರೆ, ಟೈಲಿನ ಗೆರೆ ಎಲ್ಲ ಸರಿಯಾಗಿದ್ದವು. ತಮ್ಮ ಕೊಟ್ಟ ಮೂರು ಸಾವಿರದ ಇನ್ನೂರ ನಲವತ್ತು ಅಲ್ಲೇ ಇತ್ತು, ಅವನ ಹಾಳೆಗೆ ಕನ್ನಡಿ ಹಿಡಿದ ಹಾಗೆ. ಆದರೆ ಅವಳು ಎಳೆದ ಎತ್ತರದ ಗೆರೆ ಟೈಲನ್ನು ಮುಟ್ಟಿರಲಿಲ್ಲ. ಟೈಲಿನ ಕೆಳಗಿದ್ದ ಕಾಂಕ್ರೀಟಿನ ಗೆರೆಯ ಮೇಲೆ ಎಲ್ಲೋ ನಡುವೆ, ತುದಿಯೂ ಅಲ್ಲದ ನಡುವೂ ಅಲ್ಲದ ಜಾಗದಲ್ಲಿ, ಜಿಗಣೆಯಂತೆ ಕಚ್ಚಿಕೊಂಡಿತ್ತು. ಪಾಲು ಮಾಡಿದ ಒಂದೊಂದು ಮೆಟ್ಟಿಲೂ ನೂರ ಎಂಬತ್ತರ ಬದಲು ನೂರ ಎಪ್ಪತ್ತೇಳೂವರೆ. ಆ ಅರ್ಧ ಮಿಲಿಮೀಟರು ಕಣ್ಣಿಗೆ ಬಿದ್ದಿದ್ದರೂ ಸಾಕಿತ್ತು. ತಮ್ಮ ಒಂದು ಸಲ ಓದಿದ್ದರೂ ಸಾಕಿತ್ತು.

ಓಡಿ ಹೊರಗೆ ಬಂದಳು. ತಮ್ಮ ಇರಲಿಲ್ಲ. ಯಜಮಾನರ ಗಾಡಿಯೂ ಇರಲಿಲ್ಲ. ಗ್ರಂಥಾಲಯಕ್ಕೆ ಮತ್ತೆ ಹೋಗಿದ್ದರು.

ಸಂಜೆ ತಮ್ಮನ ಕೋಣೆಗೆ ಹೋದಳು. ಅವನು ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಬೇರೆ ಊರಿನಲ್ಲಿ ಟೈಲಿನ ಗೋದಾಮು ಇಟ್ಟುಕೊಂಡ ಗೆಳೆಯನೊಬ್ಬ ಕರೆದಿದ್ದಾನಂತೆ.

"ತಪ್ಪು ನಿಂದಲ್ಲ ಕಣೋ, ನಂದು. ನಾನು ಗೆರೆ ತಪ್ಪಿ ಹಿಡಿದೆ."

"ಬಿಡಕ್ಕಾ."

"ನಿಜ ಹೇಳ್ತಿದೀನಿ. ನಕ್ಷೆ ನೋಡಿದೆ."

"ಚಿಕ್ಕೋನಿದ್ದಾಗ ನಾನು ಲೋಟ ಒಡೆದ್ರೆ ನೀನು ಅಮ್ಮನ ಹತ್ರ ನಾನೇ ಒಡೆದೆ ಅಂತಿದ್ದೆ. ಈಗಲೂ ಅದೇ ಮಾಡ್ತಿದೀಯ." ಅವನು ನಗಲು ನೋಡಿದ. "ನನಗೆ ನಲವತ್ತಾಯ್ತು. ಇನ್ನೆಷ್ಟು ದಿನ?"

"ನನ್ನ ಕೈ ನಡುಗುತ್ತೆ" ಎಂದು ಅವಳು ಕೈಯನ್ನು ಮುಂದೆ ಚಾಚಿದಳು. ಡಾಕ್ಟರ ಮಾತ್ರೆ ಮೂರು ವಾರದಿಂದ ಒಳಗೆ ಹೋಗುತ್ತಿತ್ತು. ಕೈ ಆ ಹೊತ್ತಿಗೆ, ಬೇಕೆಂದೇ ಮಾಡಿದ ಹಾಗೆ, ಸುಮ್ಮನೆ ನಿಂತಿತ್ತು. ಅವಳು ಕಾದಳು. ಒಂದು ಬೆರಳು ಸ್ವಲ್ಪ ಅಲುಗಿತು, ಅಷ್ಟೆ. ಅವನು ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದ.

"ಎಲ್ಲರ ಕೈಯೂ ನಡುಗುತ್ತೆ, ಇಂಥ ದಿನ. ಮನೆಗೆ ಹೋಗು. ಭಾವ ಕಾಯ್ತಿರ್ತಾರೆ."

ಮರುದಿನ ಬೆಳಿಗ್ಗೆ ಅವಳು ಯಜಮಾನರನ್ನು ತನ್ನ ಕೋಣೆಗೆ ಕರೆದು, ಪರದೆಯ ಮೇಲೆ ಎಲ್ಲವನ್ನೂ ತೋರಿಸಿದಳು. ಅವರು ಬುದ್ಧಿವಂತರು, ಎರಡನೆಯ ಸಲ ಹೇಳಬೇಕಾಗಲಿಲ್ಲ. ಆ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದರು. ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಇದು ಯಾಕಾಯ್ತು?"

ಅವಳು ಕೈಯ ವಿಷಯ ಹೇಳಿದಳು. ಡಾಕ್ಟರ ಚೀಟಿಯನ್ನೂ ಮುಂದಿಟ್ಟಳು.

"ಇದನ್ನ ನನಗೆ ಹೇಳಬಾರದಿತ್ತು ಅಕ್ಕಾ" ಎಂದರು ಅವರು.

"ತಮ್ಮನ್ನ ವಾಪಸು ಕರೆಸ್ಕೊಳ್ಳಿ ಸರ್. ನನ್ನ ತೆಗೆದುಬಿಡಿ."

"ತೆಗೆದು? ಆರು ಮೆಟ್ಟಿಲು ಬಾಕಿ ಇವೆ. ಅದರಲ್ಲಿ ಎರಡು ಸುರುಳಿ. ಯಾರು ಬರೀತಾರೆ, ನಾನಾ? ಸಮಿತಿಯವರ ಮುಂದೆ ಅಳತೆಯವನನ್ನ ಕೆಲಸದಿಂದ ತೆಗೆದಿದೀನಿ ಅಂತ ಹೇಳಿ ಬಂದಿದೀನಿ. ಈಗ ಹೋಗಿ, ಅವನಲ್ಲ, ನಕ್ಷೆ ಬರೆಯೋರ ಕೈ ಸರಿ ಇಲ್ಲ ಅಂದ್ರೆ ಆಮೇಲೆ ಈ ಊರಲ್ಲಿ ನಮ್ಮ ಮೆಟ್ಟಿಲು ಯಾರು ಹತ್ತುತಾರೆ?"

"ಅವನದು ತಪ್ಪಿಲ್ಲ ಸರ್."

"ಗೊತ್ತಾಯ್ತಲ್ಲ." ಅವರು ಚೀಟಿಯನ್ನು ಮಡಿಸಿ ಅವಳಿಗೇ ವಾಪಸು ಕೊಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ. "ಹುಷಾರಾಗಿ ಮಾಡಿ. ಎರಡೆರಡು ಸಲ ನೋಡಿ. ಹೊಸಬರು ಸಿಗೋವರೆಗೆ ಹೇಗೋ ತಳ್ಳೋಣ."

ಬಾಗಿಲು ತೆಗೆದು ಹೋದರು. ಅವಳು ತಪ್ಪೊಪ್ಪಿಕೊಂಡದ್ದು ಆ ಕೋಣೆಯ ನಾಲ್ಕು ಗೋಡೆಗಳ ನಡುವೆಯೇ ಉಳಿಯಿತು. ಗ್ರಂಥಾಲಯದ ಮೆಟ್ಟಿಲಿನ ಬುಡಕ್ಕೆ ನಲವತ್ತೈದು ಮಿಲಿಮೀಟರಿನ ಕಬ್ಬಿಣದ ದಿಂಡು ಕೊಟ್ಟು ಎತ್ತಿ ಕೂರಿಸಿದರು. ಮೇಲೆ ಸರಿಹೋಯಿತು; ಮೊದಲ ಹೆಜ್ಜೆ ಮಾತ್ರ ಎತ್ತರವಾಯಿತು. ಅದಕ್ಕೆ ಹಳದಿ ಬಣ್ಣ ಬಳಿದರು.

ಅವಳು ನಿಯರೆಸ್ಟನ್ನು ಆಫ್ ಮಾಡಿದಳು. ತುದಿಯ ಸ್ನ್ಯಾಪು ಒಂದನ್ನೇ ಇಟ್ಟುಕೊಂಡು, ಹಿಡಿಯುವ ದೂರವನ್ನೂ ಕಡಿಮೆ ಮಾಡಿದಳು. ಈಗ ಒಂದು ತುದಿಯನ್ನು ಮುಟ್ಟಲು ನಾಲ್ಕೈದು ಸಲ ಪ್ರಯತ್ನಿಸಬೇಕಾಗುತ್ತಿತ್ತು. ಬಾಣ ಗುರಿಯ ಹತ್ತಿರ ಹೋಗುವುದು, ಹಸಿರು ಚೌಕ ಮೂಡುವುದು, ಒತ್ತುವಷ್ಟರಲ್ಲಿ ಕೈ ಜಾರಿ ಚೌಕ ಆರುವುದು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಕೂರುತ್ತಿದ್ದಳು. ಅರ್ಧ ದಿನದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಯಾರೂ ಏನೂ ಕೇಳಲಿಲ್ಲ. ತಮ್ಮ ಹೋದ ಬೇಸರ ಅಂದುಕೊಂಡರು.

"ಅವನಿಗೆ ಹೇಳಿದೆಯಲ್ಲ, ಇನ್ನೇನು ಮಾಡ್ತೀಯ?" ಎಂದು ಕೇಳಿದ ಗಂಡ.

"ಹೇಳಿದೆ ರೀ. ಅವನು ನಂಬಲಿಲ್ವಲ್ಲ."

"ಹಾಗಾದ್ರೆ ತೋರಿಸು. ನನ್ನ ಗಿರಾಕಿಗಳೂ ಬಾಯಿಮಾತಿಗೆ ನಂಬಲ್ಲ. ಕನ್ನಡಿ ಮುಂದೆ ನಿಲ್ಲಿಸಿದ್ರೆ ನಂಬ್ತಾರೆ."

ಒಂದೂವರೆ ತಿಂಗಳು ಕಳೆದಿತ್ತು. ರಜೆಯ ದಿನ ಅವಳು ಆ ಮೂರು ಗೆರೆಗಳಿರುವ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿಕೊಂಡು, ಸುರುಳಿ ಸುತ್ತಿ, ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಹೋದಳು. ತಮ್ಮ ಗೋದಾಮಿನ ಹಿಂದಿನ ಒಂದು ಕೋಣೆಯಲ್ಲಿದ್ದ. ಭುಜದ ಮೇಲೆ ಪೆಟ್ಟಿಗೆ ಹೊತ್ತ ಗುರುತು. ಅಳತೆ ಹಿಡಿಯುತ್ತಿದ್ದವನು ಈಗ ಟೈಲಿನ ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದ.

ಅವಳು ನಕ್ಷೆಯನ್ನು ಹಾಸಿಗೆಯ ಮೇಲೆ ಬಿಡಿಸಿದಳು. ಮೂಲೆಗಳು ಮಡಚಿಕೊಳ್ಳದಂತೆ ಅವನ ಚಪ್ಪಲಿಗಳನ್ನೇ ಇಟ್ಟಳು. ಅವನು ಬಗ್ಗಿ ಬೆರಳಿಟ್ಟು ಓದಿದ.

"ಮೂರು ಸಾವಿರದ ಇನ್ನೂರ ನಲವತ್ತು."

"ನೀನು ಬರೆದು ಕೊಟ್ಟಿದ್ದು."

"ಟೈಲಿನವರೆಗೆ."

"ಟೈಲಿನವರೆಗೆ. ನಾನು ಇಲ್ಲಿ ಹಿಡಿದೆ, ನೋಡು."

ಅವನು ನೋಡಿದ. ಹಾಸಿಗೆಯ ಅಂಚಿನಲ್ಲಿ ಕೂತ. ಅವಳು ಅವನು ಬೈಯಲಿ ಎಂದು ಕಾಯುತ್ತಿದ್ದಳು.

"ಒಂದೂವರೆ ತಿಂಗಳು ಅಕ್ಕಾ" ಎಂದ ಕೊನೆಗೆ. "ಇಲ್ಲಿ ಹತ್ತು ಪೆಟ್ಟಿಗೆ ಏರಿಸು ಅಂದ್ರೆ ಮೂರು ಸಲ ಎಣಿಸ್ತೀನಿ. ಎಲ್ಲಾರೂ ನಗ್ತಾರೆ. ಕಾಂಕ್ರೀಟಿಗೆ ಟೇಪು ಹಿಡಿದದ್ದು ನನಗೆ ನೆನಪೇ ಇದೆ ಅಕ್ಕಾ. ಹಿಡಿದೇ ಇಲ್ಲ, ಆದ್ರೂ ನೆನಪಿದೆ. ಕೈ, ಟೇಪು, ಸಂಖ್ಯೆ, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ."

ಅವಳು ಸರಿದಿದ್ದ ಚಪ್ಪಲಿಯೊಂದನ್ನು ಮತ್ತೆ ನಕ್ಷೆಯ ಮೂಲೆಗೆ ತಳ್ಳಿದಳು.

"ಕೈಗೆ ಏನಾಗಿದೆ?"

ಹೇಳಿದಳು. ಈ ಸಲ ಕೈಯೂ ಅಡ್ಡಬರಲಿಲ್ಲ. ಬಸ್ಸಿನ ದಣಿವಿಗೆ ಮೊಣಕೈವರೆಗೂ ನಡುಗುತ್ತಿತ್ತು. ಅವನು ಅದನ್ನು ನೋಡುತ್ತ ಕೇಳಿದ:

"ಯಜಮಾನರಿಗೆ ಹೇಳಿದೆಯಾ?"

"ಹೇಳಿದೆ."

"ಏನಂದ್ರು?"

"ಹುಷಾರಾಗಿ ಮಾಡಿ ಅಂದ್ರು."

ಅವನಿಗೆ ನಗು ಬಂತು. ನಗು ನಿಂತಮೇಲೂ ಬಾಯಿ ಹಾಗೇ ತೆರೆದಿತ್ತು.

"ವಾಪಸು ಬಾ. ನಾನು ಇನ್ನೊಂದು ಸಲ ಕೇಳ್ತೀನಿ" ಎಂದಳು.

"ಬಂದು? ನನ್ನ ತಗೋಬೇಕಾದ್ರೆ ತಪ್ಪು ಯಾರದು ಅಂತ ಹೇಳಬೇಕು. ಹೇಳಿದ್ರೆ ನಿನ್ನ ಇಟ್ಕೊಳ್ಳೋ ಹಾಗಿಲ್ಲ. ನೀನಿಲ್ದೆ ನಕ್ಷೆ ಇಲ್ಲ, ನಕ್ಷೆ ಇಲ್ದೆ ನಾನು ಅಳತೆ ತಗೊಂಡು ಯಾರಿಗೆ ಕೊಡ್ಲಿ?" ಅವನು ಚಪ್ಪಲಿ ತೆಗೆದು ನಕ್ಷೆಯನ್ನು ಸುತ್ತಿದ. "ಮೊದಲೇ ಹೇಳಿದ್ರೆ ನಾನು ಪಕ್ಕದಲ್ಲಿ ಕೂತು ಮೌಸು ಹಿಡೀತಿದ್ದೆ. ನೀನು ಬಾಯಲ್ಲಿ ಹೇಳಿದ್ರೆ ಆಗ್ತಿತ್ತು."

ಅದು ಅವಳಿಗೆ ಹೊಳೆದೇ ಇರಲಿಲ್ಲ. ಆ ಮಾತು ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ಅವಳನ್ನು ಚುಚ್ಚಿತು.

ಅವನು ಬಸ್ಸಿನವರೆಗೆ ಬಂದ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ, ಕುಡಿಯಲು ನೀರು ತಂದುಕೊಟ್ಟ. ಬಾಟಲಿಯ ಮುಚ್ಚಳವನ್ನು ಕೇಳದೆಯೇ ತಿರುಗಿಸಿ ಸಡಿಲ ಮಾಡಿದ.

ವರ್ಷ ತುಂಬುವ ಮೊದಲು ಕಾರ್ಖಾನೆಗೆ ನಕ್ಷೆ ಬರೆಯಲು ಹೊಸಬಳು ಬಂದಳು. ಅವಳಿಗೆ ಎಲ್ಲ ತೋರಿಸಿಕೊಟ್ಟು ಮಿಲಿಮೀಟರಕ್ಕ ಮನೆಯಲ್ಲಿ ಉಳಿದಳು. ಬೆಳಗಿನ ಹೊತ್ತು ಮಾತ್ರೆ ಕೆಲಸ ಮಾಡುವಾಗ ಗಂಡನ ಅಂಗಡಿಯಲ್ಲಿ ಗಿರಾಕಿಗಳ ಹೆಸರು ಬರೆದುಕೊಳ್ಳುತ್ತಾಳೆ. ತಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಮೊನ್ನೆ ಮಾತಿನ ನಡುವೆ, ಗೋದಾಮಿನವರು ಹೊಸ ಕಪಾಟು ಮಾಡಿಸುತ್ತಿದ್ದಾರೆ, ಗೋಡೆ ಅಳೆದುಕೊಡು ಎಂದು ತನ್ನನ್ನು ಕೇಳಿದರು ಎಂದ.

"ಅಳೆದು ಕೊಟ್ಟೆಯಾ?"

"ಬೇರೆಯವರಿಗೆ ಹೇಳಿ ಅಂದೆ."

"ಯಾಕೋ? ನಿನ್ನ ಅಳತೆ ಸರಿ ಇತ್ತು. ನಿನಗೇ ಗೊತ್ತು."

"ಗೊತ್ತಕ್ಕಾ. ಗೊತ್ತಿದ್ದೂ ಆಗಲ್ಲ."

ಅವಳು ಫೋನನ್ನು ಎಡಗೈಗೆ ಬದಲಾಯಿಸಿಕೊಂಡಳು. ಇನ್ನೇನೋ ಹೇಳಬೇಕು ಅನ್ನಿಸಿತು. ಆ ಕಡೆ ಯಾರೋ ಲಾರಿ ಬಂತು ಎಂದು ಅವನನ್ನು ಕೂಗಿದರು, ಅವನು ಹೋಗಬೇಕಾಯಿತು.